ಪಿಡುಗಿನ ಭಯ ಮತ್ತು ಸಿನಿಮಾ: ಕಾಪು, ಮಣಿಪಾಲ, ಮಲೆನಾಡು

ಮಾರಕ ಪಿಡುಗಿನ ನಡುವೆ ಉಳಿದುಕೊಂಡವರ ಪಾಡನ್ನು ತಗ್ಗಿದ ದನಿಯಲ್ಲಿ ಹೇಳುವ ಚಿತ್ರಗಳು ಭಯಾನಕ ಸಿನಿಮಾದ ಒಂದು ಮುಖ್ಯ ಕವಲು. ಇವುಗಳಲ್ಲಿ ದೆವ್ವ, ಕಿರುಚಾಟ, ನೆತ್ತರು ಕಡಿಮೆ. ಹಾಕಿಕೊಂಡ ಬಾಗಿಲು, ಬರದೆ ಹೋದ ನೆಂಟ, ಮುಟ್ಟಲು ಯಾರೂ ಮುಂದಾಗದ ಹೆಣ, ನಾಳೆ ಯಾರ ಸರದಿಯೋ ಎಂಬ ಕಾಯುವಿಕೆ, ಇವೇ ಇಲ್ಲಿ ಭಯದ ಮೂಲ. ಕನ್ನಡದಲ್ಲಿ ಈ ಕವಲಿನ ದೊಡ್ಡ ಕೃತಿ 1970ರ ‘ಸಂಸ್ಕಾರ’. ಅದನ್ನು ಸಾಮಾನ್ಯವಾಗಿ ಜಾತಿ, ಧರ್ಮ, ಕಾಮಗಳ ಚಿತ್ರವೆಂದು ಓದಲಾಗಿದೆ. ಪ್ಲೇಗಿನ ಚಿತ್ರವೆಂದು ನೋಡಿದರೆ ಅದರ ಬಲ ಇನ್ನೂ ಹೆಚ್ಚು ಕಾಣುತ್ತದೆ ಎಂಬುದು ಈ ಲೇಖನದ ನಿಲುವು.

ಉಡುಪಿ ಸೀಮೆಗೆ ಈ ವಿಷಯ ಎರಡು ದಾರಿಗಳಿಂದ ಹತ್ತಿರವಾಗಿದೆ. ಕಾಪುವಿನಲ್ಲಿ ಪಿಡುಗನ್ನು ದೇವಿಯಾಗಿ ಕಂಡು ವರ್ಷಕ್ಕೆ ಮೂರು ಸಲ ಪೂಜಿಸುವ ಪದ್ಧತಿ ಇಂದಿಗೂ ನಡೆಯುತ್ತಿದೆ. ಅಲ್ಲಿಂದ ಸ್ವಲ್ಪವೇ ದೂರದ ಮಣಿಪಾಲದ ಪ್ರಯೋಗಾಲಯವೊಂದು 2018ರಲ್ಲಿ ನಿಫಾ ವೈರಸ್ಸನ್ನು ಗುರುತಿಸಿತು. ಆ ಘಟನೆ ಮರುವರ್ಷವೇ ಮಲಯಾಳಂ ಸಿನಿಮಾ ಆಯಿತು.

ಹೊರಗಿನ ಮಾದರಿಗಳು

ಜಗತ್ತಿನ ಸಿನಿಮಾದಲ್ಲಿ ಪ್ಲೇಗಿನ ಭಯಕ್ಕೆ ಒಂದು ಶತಮಾನದ ಚರಿತ್ರೆಯಿದೆ. ಮುರ್ನೌನ ‘ನೊಸ್ಫೆರಾಟು’ (1922) ರಕ್ತ ಹೀರುವವನ ಕಥೆ. ಆದರೆ ಅವನ ಹಡಗಿನಿಂದ ಇಳಿದುಬರುವುದು ಇಲಿಗಳು, ಊರಿಗೆ ತಗಲುವುದು ಪ್ಲೇಗು. 1979ರಲ್ಲಿ ಅದೇ ಕಥೆಯನ್ನು ಮತ್ತೆ ತೆಗೆದ ವೆರ್ನರ್ ಹೆರ್ಜಾಗ್, ಇಲಿಗಳು ಓಡಾಡುವ ಚೌಕದಲ್ಲಿ ಮೇಜು ಹಾಕಿ ಕೊನೆಯ ಊಟ ಮಾಡುವ ಜನರನ್ನು ತೋರಿಸಿದ. ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ (1957) ಚಿತ್ರದಲ್ಲಿ ಧರ್ಮಯುದ್ಧದಿಂದ ಮರಳಿದ ಯೋಧ ಪ್ಲೇಗಿನ ನಾಡಿನಲ್ಲಿ ಸಾವಿನೊಡನೆ ಚದುರಂಗವಾಡುತ್ತಾನೆ. ಇತ್ತೀಚಿನವುಗಳಲ್ಲಿ ಟ್ರೇ ಎಡ್ವರ್ಡ್ ಶುಲ್ಟ್ಸ್‌ನ ‘ಇಟ್ ಕಮ್ಸ್ ಅಟ್ ನೈಟ್’ (2017) ಈ ಬಗೆಯ ಶುದ್ಧ ಉದಾಹರಣೆ. ಕಾಡಿನ ನಡುವಣ ಒಂದು ಮನೆ, ಎರಡು ಕುಟುಂಬ, ಹೆಸರಿಲ್ಲದ ರೋಗ. ರಾಕ್ಷಸ ಯಾರೂ ಬರುವುದಿಲ್ಲ. ಸಂಶಯವೇ ಮನೆಮಂದಿಯನ್ನು ತಿನ್ನುತ್ತದೆ. ಸ್ಟೀವನ್ ಸೋಡರ್‌ಬರ್ಗ್‌ನ ‘ಕಂಟೇಜಿಯನ್’ (2011) ಇನ್ನೊಂದು ದಾರಿ ಹಿಡಿದು ರೋಗ ಹರಡುವ ಜಾಡನ್ನೇ ಪತ್ತೇದಾರಿಯಂತೆ ಬಿಡಿಸುತ್ತದೆ. ಅದರ ಕಾಲ್ಪನಿಕ ವೈರಸ್ಸಿಗೆ ಮಾದರಿಯಾದದ್ದು ನಿಫಾ.

ಭಾರತದಲ್ಲಿ ಸತ್ಯಜಿತ್ ರಾಯ್ ಅವರ ‘ಗಣಶತ್ರು’ ದೇವಸ್ಥಾನದ ತೀರ್ಥದಿಂದಲೇ ರೋಗ ಹರಡುತ್ತಿದೆಯೆಂದು ಹೇಳಿದ ವೈದ್ಯನೊಬ್ಬ ಊರಿನ ವೈರಿಯಾಗುವ ಕಥೆ. ಮೂಲ ಇಬ್ಸೆನ್ನನ ನಾಟಕ. ಭಯಾನಕ ಚಿತ್ರವೆಂದು ಕರೆಯಲಾಗದಿದ್ದರೂ, ನಂಬಿಕೆಯೂ ಸೋಂಕೂ ಒಂದೇ ನೀರಿನಲ್ಲಿ ಬೆರೆತಾಗ ಹುಟ್ಟುವ ದಿಗಿಲು ಅದರಲ್ಲಿದೆ.

ಕಾಪುವಿನ ಮಾರಿ

ಕಾಪು ಉಡುಪಿಯಿಂದ ದಕ್ಷಿಣಕ್ಕೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿಯ ಕಡೆ ಹೋಗುವಾಗ ಸಿಗುವ ಕಡಲೂರು. ಹೊರಗಿನವರಿಗೆ ಅದು 1901ರ ದೀಪಸ್ತಂಭದಿಂದ ಪರಿಚಿತ. ತುಳುನಾಡಿನವರಿಗೆ ಅದು ಮೊದಲು ಮಾರಿಯ ಊರು. ಇಲ್ಲಿ ಮೂರು ಮಾರಿಗುಡಿಗಳಿವೆ. ವರ್ಷದಲ್ಲಿ ಮೂರು ಸಲ, ಸುಗ್ಗಿ, ಆಟಿ ಮತ್ತು ಜಾರ್ದೆ ಎಂಬ ತುಳು ತಿಂಗಳುಗಳಲ್ಲಿ, ಮಂಗಳವಾರ ಮತ್ತು ಬುಧವಾರ ಮಾರಿಪೂಜೆ ನಡೆಯುತ್ತದೆ. ಸುಗ್ಗಿ ಮಾರಿಪೂಜೆಯ ಜನಸಾಗರ ಎಲ್ಲಕ್ಕಿಂತ ದೊಡ್ಡದು. ಮುಂಬಯಿಗೆ ಹೋಗಿ ನೆಲೆಸಿದವರೂ ಆ ದಿನಕ್ಕೆ ಊರಿಗೆ ಬರುತ್ತಾರೆ. ಮಲ್ಲಿಗೆ, ಹಿಂಗಾರ, ಕೋಳಿ ದೇವಿಗೆ ಸಲ್ಲುತ್ತವೆ. ಘಟ್ಟದ ಮೇಲಿನ ಅರಸರ ದಂಡಿನೊಡನೆ ಇಳಿದುಬಂದ ದೇವಿ ಇಲ್ಲೇ ನಿಂತಳು ಎಂಬುದು ಐತಿಹ್ಯ. ದಂಡು ನಡೆದ ದಾರಿಯಲ್ಲೇ ರೋಗವೂ ನಡೆಯುತ್ತಿತ್ತು ಎಂಬ ಹಳೆಯ ಅನುಭವ ಈ ಕಥೆಯೊಳಗೆ ಉಳಿದಿರಬಹುದು. ಹೊಸ ಮಾರಿಗುಡಿಯನ್ನು ಇಳಕಲ್ಲಿನ ಕೆಂಪು ಶಿಲೆಯಲ್ಲಿ ಮತ್ತೆ ಕಟ್ಟಿ 2025ರಲ್ಲಿ ಬ್ರಹ್ಮಕಲಶೋತ್ಸವ ನಡೆಸಲಾಯಿತು.

ಸಿಡುಬು, ಕಾಲರಾ ಮನೆಮನೆಗೆ ನುಗ್ಗುತ್ತಿದ್ದ ಕಾಲದಲ್ಲಿ ಈ ಆರಾಧನೆಗೆ ಇದ್ದ ತುರ್ತನ್ನು ಇಂದು ಊಹಿಸುವುದು ಕಷ್ಟ. ಭಾರತದ ಕೊನೆಯ ಸಿಡುಬಿನ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಸಿಡುಬು ಮುಕ್ತವೆಂದು ಸಾರಲಾಯಿತು. ರೋಗ ಹೋದರೂ ದೇವಿ ಹೋಗಲಿಲ್ಲ. ಆಟಿ ತಿಂಗಳ ಆಚರಣೆಗಳಲ್ಲಿ ಅದೇ ಎಚ್ಚರ ಬೇರೆ ರೂಪದಲ್ಲಿದೆ. ಜಡಿಮಳೆಯಲ್ಲಿ ಓಲೆಕೊಡೆ ಹಿಡಿದು ಮನೆಯಂಗಳಕ್ಕೆ ಬರುವ ಆಟಿಕಳಂಜ ಮಾರಿಯನ್ನು ಕಳೆಯುತ್ತಾನೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆಮರದ ಕೆತ್ತೆಯ ಕಹಿ ಕಷಾಯ ಕುಡಿಯುತ್ತಾರೆ. ಕರಾವಳಿಯ ಕೆಥೋಲಿಕರ ಪರಂಪರೆಯಲ್ಲಿ ಪ್ಲೇಗಿನಿಂದ ಕಾಯುವವನೆಂದು ಸಂತ ಸೆಬಾಸ್ಟಿಯನ್ನನಿಗೆ ಮೊರೆಯಿಡುವ ರೂಢಿಯಿದೆ.

ತುಳುನಾಡನ್ನು ಹಿನ್ನೆಲೆಯಾಗಿಸಿಕೊಂಡ ಭಯದ ಕಥನಗಳು ಬಹುತೇಕ ಭೂತದ ಸುತ್ತ ಬೆಳೆದಿವೆ. ದೂರದರ್ಶನಕ್ಕಾಗಿ ಮೂಲ್ಕಿಯ ಸದಾನಂದ ಸುವರ್ಣರು ಮಾಡಿದ ‘ಗುಡ್ಡದ ಭೂತ’ ಧಾರಾವಾಹಿಯಿಂದ 2015ರ ‘ರಂಗಿತರಂಗ’ದವರೆಗೆ ಇದು ಕಾಣುತ್ತದೆ. ಭೂತಕ್ಕೆ ವೇಷವಿದೆ, ಬಣ್ಣವಿದೆ, ನುಡಿಯಿದೆ. ಕ್ಯಾಮೆರಾ ಅದನ್ನು ಸುಲಭವಾಗಿ ಹಿಡಿಯುತ್ತದೆ. ಮಾರಿ ಹಾಗಲ್ಲ. ಅವಳ ಇರವು ಗೊತ್ತಾಗುವುದು ಮೈಮೇಲಿನ ಬೊಕ್ಕೆಯಿಂದ, ಖಾಲಿಯಾದ ಕೇರಿಯಿಂದ. ಅವಳನ್ನು ತೆರೆಗೆ ತರಬೇಕಾದರೆ ಕಾಣದಿರುವುದನ್ನು ತೋರಿಸುವ ಕಲೆ ಬೇಕು. ಆ ಕಲೆ ಕನ್ನಡದಲ್ಲಿ ಮೊದಲು ಸಿದ್ಧಿಸಿದ್ದು ಘಟ್ಟದ ಮೇಲೆ.

‘ಸಂಸ್ಕಾರ’

ಯು.ಆರ್. ಅನಂತಮೂರ್ತಿ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರು. ‘ಸಂಸ್ಕಾರ’ ಕಾದಂಬರಿಯನ್ನು ಅವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ. ಅಲ್ಲಿ ತಮ್ಮ ಅಧ್ಯಾಪಕರಾದ ಲೇಖಕ ಮಾಲ್ಕಮ್ ಬ್ರ್ಯಾಡ್‌ಬರಿಯವರೊಂದಿಗೆ ‘ದಿ ಸೆವೆಂತ್ ಸೀಲ್’ ನೋಡಿದ್ದನ್ನು, ಉಪಶೀರ್ಷಿಕೆಯಿಲ್ಲದ ಆ ಸ್ವೀಡಿಷ್ ಚಿತ್ರ ತಮ್ಮೊಳಗೆ ಕಾದಂಬರಿಯನ್ನು ಎಬ್ಬಿಸಿದ್ದನ್ನು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ಬಾಲ್ಯದಲ್ಲಿ ಊರಿಗೆ ಬಂದ ಪ್ಲೇಗಿನ ನೆನಪೂ ಅದರ ಹಿಂದಿದೆ. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪುಸ್ತಕವನ್ನು ಪ್ರಕಟಿಸಿತು. ಹೀಗೆ ಪ್ಲೇಗಿನ ಸಿನಿಮಾವೊಂದರಿಂದ ಪ್ಲೇಗಿನ ಕಾದಂಬರಿ, ಆ ಕಾದಂಬರಿಯಿಂದ ಮತ್ತೆ ಸಿನಿಮಾ ಹುಟ್ಟಿತು.

ಕಥೆ ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರದ್ದು. ಉಡುಪಿಯ ಅಷ್ಟಮಠಗಳ ಪರಂಪರೆಗೆ ಸೇರಿದ ಸಮುದಾಯವಾದ್ದರಿಂದ ಕಾದಂಬರಿ ಉಡುಪಿಯನ್ನೂ ಒಳಗೊಂಡೇ ಓದಿಸಿಕೊಂಡಿತು, ಅಲ್ಲಿ ಸಿಟ್ಟನ್ನೂ ಎಬ್ಬಿಸಿತು. ಆಚಾರ ಬಿಟ್ಟು ಬದುಕಿದ ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ, ಗಡ್ಡೆಯೊಂದಿಗೆ ಮರಳಿ ಸಾಯುತ್ತಾನೆ. ಅವನ ಜೊತೆಗಿದ್ದ ಚಂದ್ರಿ ಕುಂದಾಪುರದವಳು. ಮಕ್ಕಳಿಲ್ಲದ, ಜಾತಿಯಿಂದ ಹೊರಗೂ ಹಾಕದ ಈ ಬ್ರಾಹ್ಮಣನ ಶವಸಂಸ್ಕಾರ ಯಾರು ಮಾಡಬೇಕು? ಪಂಡಿತ ಪ್ರಾಣೇಶಾಚಾರ್ಯ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾನೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹಸಿವು ಏರುತ್ತದೆ, ಹೆಣ ಕೊಳೆಯುತ್ತದೆ, ಇಲಿಗಳು ಹೊರಬಂದು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಾರಿಸಿ ಅವನ್ನು ಓಡಿಸುತ್ತಾರೆ.

ಓದುಗನಿಗೆ, ನೋಡುಗನಿಗೆ ಇದು ಪ್ಲೇಗೆಂದು ಬೇಗನೆ ಹೊಳೆಯುತ್ತದೆ. ಅಗ್ರಹಾರಕ್ಕೆ ಹೊಳೆಯುವುದಿಲ್ಲ. ಈ ಅಂತರದಲ್ಲೇ ಕಥೆಯ ಭಯವೆಲ್ಲ ಅಡಗಿದೆ. ಪ್ಲೇಗಿನ ರೀತಿಯೂ ಹಾಗೇ ಇದೆ. 1894ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಹಾಂಕಾಂಗಿನಲ್ಲಿ ರೋಗಾಣುವನ್ನು ಕಂಡುಹಿಡಿದ. 1898ರಲ್ಲಿ ಪಾಲ್-ಲೂಯಿ ಸಿಮೋಂಡ್ ಕರಾಚಿಯಲ್ಲಿ, ಇಲಿಯಿಂದ ಇಲಿಗೆ ಅದನ್ನು ದಾಟಿಸುವುದು ಚಿಗಟ ಎಂದು ತೋರಿಸಿದ. ಇಲಿಗಳು ಸತ್ತು ಬಿದ್ದ ಮೇಲೆ ಹಸಿದ ಚಿಗಟ ಮನುಷ್ಯನತ್ತ ಜಿಗಿಯುತ್ತದೆ. ಅಂದರೆ ಎಚ್ಚರಿಕೆ ಮೊದಲೇ ಬಂದಿರುತ್ತದೆ, ಓದಲು ಬಲ್ಲವರಿಗೆ. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ಬಳಿಕ ಇಲಿ ಬಿದ್ದ ಮನೆಯನ್ನು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ಕನ್ನಡ ನಾಡಿನ ಎಷ್ಟೋ ಊರುಗಳು ಕಲಿತವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದೂ ಆ ಹೆದರಿಕೆಯ ಕಾಲದಲ್ಲೇ. ದೂರ್ವಾಸಪುರ ಮಾತ್ರ ಹೆಣದ ಮುಂದೆ ಕೂತು ಧರ್ಮಸೂಕ್ಷ್ಮ ಕೇಳುತ್ತಿದೆ.

ಇನ್ನೊಂದು ಕುರುಡನ್ನೂ ಕಾದಂಬರಿ ತಣ್ಣಗೆ ದಾಖಲಿಸುತ್ತದೆ. ರೋಗ ಹೊಲಗೇರಿಯ ಗುಡಿಸಲುಗಳನ್ನೂ ಹೊಕ್ಕಿದೆ. ಅಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಡುತ್ತಾರೆ. ಆ ಸಾವುಗಳು ಅಗ್ರಹಾರದ ಚರ್ಚೆಗೆ ಬರುವುದೇ ಇಲ್ಲ. ಒಂದು ಹೆಣದ ಸಂಸ್ಕಾರಕ್ಕೆ ಇಡೀ ಶಾಸ್ತ್ರವೇ ಎದ್ದು ಕೂತಿರುವಾಗ ಪಕ್ಕದ ಕೇರಿಯ ಹೆಣಗಳು ಲೆಕ್ಕಕ್ಕೇ ಇಲ್ಲ. ಯಾವ ಭಯಾನಕ ಚಿತ್ರದ ಪ್ರೇತಕ್ಕಿಂತಲೂ ಈ ಮೌನ ಹೆಚ್ಚು ಕಾಡುತ್ತದೆ. ಕೊನೆಗೆ ಪಂಡಿತ ಉತ್ತರ ಸಿಗದೆ ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಸೇರುತ್ತಾನೆ. ಚಂದ್ರಿಯೇ ರಾತ್ರಿಯಲ್ಲಿ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ನೆರವು ಪಡೆದು ನಾರಣಪ್ಪನ ದೇಹವನ್ನು ಸುಡಿಸಿ ಹೊರಟುಹೋಗುತ್ತಾಳೆ. ಶಾಸ್ತ್ರ ಮಾಡಲಾಗದ್ದನ್ನು ಕುಂದಾಪುರದ ವೇಶ್ಯೆಯೂ ಒಬ್ಬ ಬ್ಯಾರಿಯೂ ಸದ್ದಿಲ್ಲದೆ ಮಾಡಿ ಮುಗಿಸಿದರು. ಅಗ್ರಹಾರಕ್ಕೆ ಅದು ಗೊತ್ತಾಗುವುದೂ ಇಲ್ಲ. ಪ್ರಾಣೇಶಾಚಾರ್ಯನ ಹೆಂಡತಿ, ಹಾಸಿಗೆ ಹಿಡಿದ ಭಾಗೀರಥಿ, ಅದೇ ರೋಗಕ್ಕೆ ಬಲಿಯಾಗುತ್ತಾಳೆ. ಅವಳನ್ನು ಸುಟ್ಟು ಅವನು ಊರು ಬಿಡುತ್ತಾನೆ. ಬದುಕುಳಿದವನಿಗೆ ತಾನು ಯಾರೆಂಬುದೇ ಈಗ ತಿಳಿಯದು. ಮೇಳಿಗೆಯ ತೇರಿನ ಜಾತ್ರೆಯ ಗದ್ದಲದಲ್ಲಿ ಅವನ ಭಯ ಇನ್ನೂ ಹೆಚ್ಚುತ್ತದೆ.

ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದವರು ಗಿರೀಶ ಕಾರ್ನಾಡ. ನಾರಣಪ್ಪ ಪಿ. ಲಂಕೇಶ್, ಚಂದ್ರಿ ಸ್ನೇಹಲತಾ ರೆಡ್ಡಿ. ಶೃಂಗೇರಿಯ ಬಳಿಯ ವೈಕುಂಠಪುರ ಅಗ್ರಹಾರದಲ್ಲಿ ಆಸ್ಟ್ರೇಲಿಯಾದ ಟಾಮ್ ಕೋವನ್ ಕಪ್ಪುಬಿಳುಪಿನಲ್ಲಿ ಚಿತ್ರೀಕರಿಸಿದರು. ಸಂಗೀತ ರಾಜೀವ ತಾರಾನಾಥರದು, ಕಲಾ ನಿರ್ದೇಶನ ಎಸ್.ಜಿ. ವಾಸುದೇವ್ ಅವರದು. ಮಲೆನಾಡಿನ ಹಸಿರು ಕಳೆದುಹೋಗಿ ಬೂದು ಬಣ್ಣ ಮಾತ್ರ ಉಳಿದಿರುವುದು ಈ ಕಥೆಗೆ ಒದಗಿದ ದೊಡ್ಡ ಲಾಭ. ಜಾತಿ ಉದ್ವೇಗ ಹುಟ್ಟೀತೆಂದು ಸೆನ್ಸಾರ್ ಮಂಡಳಿ ಮೊದಲು ಚಿತ್ರವನ್ನು ತಡೆಯಿತು. ತಡೆ ತೆರವಾದ ಮೇಲೆ ಅದು 1970ರ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ಗೆದ್ದಿತು. ಕನ್ನಡಕ್ಕೆ ಅದು ಮೊದಲ ಸ್ವರ್ಣಕಮಲ. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಸೇರಿದ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಅನಂತಮೂರ್ತಿಯವರದೇ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ (1977) ಪಿಡುಗಿನ ಚಿತ್ರವಲ್ಲ. ಆದರೆ ಜೀವಂತ ಹೆಣ್ಣಿಗೇ ಶ್ರಾದ್ಧ ಮಾಡಿ ಹೊರಗೆ ಹಾಕುವ ಅದರ ಕೊನೆಯ ಭಾಗ ಇದೇ ಭಯದ ಇನ್ನೊಂದು ಮುಖ. ಸೋಂಕಿಲ್ಲದೆಯೂ ಮನುಷ್ಯರನ್ನು ಮುಟ್ಟಬಾರದವರನ್ನಾಗಿ ಮಾಡಬಹುದೆಂದು ಅದು ತೋರಿಸುತ್ತದೆ. ನಿರ್ದೇಶಕ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿದವರು. ನಿರ್ಮಾಪಕರು ಮೇಲೆ ಹೇಳಿದ ಸದಾನಂದ ಸುವರ್ಣರು.

ಮಂಗ, ಬಾವಲಿ, ಮಣಿಪಾಲ

ಇಲಿಯಂತೆ ಮಂಗವೂ ಈ ನಾಡಿನಲ್ಲಿ ಸಾವಿನ ಮುನ್ಸೂಚನೆ ಕೊಟ್ಟಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನ ಮಲಗಿದರು. ಉಣುಗಿನಿಂದ ಹರಡುವ ಈ ಹೊಸ ವೈರಸ್ಸಿಗೆ ಊರಿನ ಹೆಸರೇ ಬಿತ್ತು. ಎಂಬತ್ತರ ದಶಕದ ಮೊದಲಲ್ಲಿ ಮಂಗನ ಕಾಯಿಲೆ ಘಟ್ಟ ಇಳಿದು ಬೆಳ್ತಂಗಡಿಗೂ ಬಂದಿತು. 2019ರಲ್ಲಿ ಸಾಗರ ತಾಲೂಕಿನ ಅರಲಗೋಡು ಸುತ್ತ ಮತ್ತೆ ಸಾವುಗಳಾದವು. ಸೊಪ್ಪು, ದರಗಿಗೆಂದು ಕಾಡಿಗೆ ಹೋಗಲೇಬೇಕಾದವರು ಸತ್ತ ಮಂಗವೊಂದನ್ನು ಕಂಡಾಗ ಪಡುವ ದಿಗಿಲನ್ನು ಹೇಳಲು ಬೇರೆ ಪ್ರೇತ ಬೇಕಿಲ್ಲ.

ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಅಲ್ಲಿ ಬೆಳೆದ ವೈರಸ್ ಸಂಶೋಧನಾ ಕೇಂದ್ರವನ್ನು ಡಾ. ಜಿ. ಅರುಣ್‌ಕುಮಾರ್ ಮುನ್ನಡೆಸುತ್ತಿದ್ದರು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಬಳಿಯ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಮಿದುಳು ಜ್ವರದಂಥ ಕಾಯಿಲೆಗೆ ತುತ್ತಾದಾಗ ಮಾದರಿಗಳು ಈ ಕೇಂದ್ರಕ್ಕೆ ಬಂದವು. ನಿಫಾ ಎಂದು ಮಣಿಪಾಲ ಗುರುತಿಸಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮೇ 20ರಂದು ಅದನ್ನು ದೃಢಪಡಿಸಿತು. ಹಣ್ಣುತಿನ್ನುವ ಬಾವಲಿಗಳಲ್ಲಿ ನೆಲೆಸುವ ಈ ವೈರಸ್ ಮೊದಲು ಕಂಡದ್ದು 1998–99ರಲ್ಲಿ ಮಲೇಷ್ಯಾದಲ್ಲಿ. ಭಾರತದಲ್ಲಿ 2001ರಲ್ಲಿ ಸಿಲಿಗುರಿಗೂ 2007ರಲ್ಲಿ ನದಿಯಾ ಜಿಲ್ಲೆಗೂ ಬಂದಿತ್ತು, ದಕ್ಷಿಣಕ್ಕೆ ಇದೇ ಮೊದಲು. ತಗಲಿದವರಲ್ಲಿ ನೂರಕ್ಕೆ 40ರಿಂದ 75 ಮಂದಿ ಸಾಯುವ ರೋಗವಿದು. ಕೇರಳದಲ್ಲಿ ಆ ಸಲ ಪ್ರಯೋಗಾಲಯದಲ್ಲಿ ದೃಢಪಟ್ಟವರು 18 ಜನ. ರೋಗಿಗೆ ಆರೈಕೆ ಮಾಡಿದ ದಾದಿ ಲಿನಿ ಮೇ 21ರಂದು ತೀರಿಕೊಂಡರು. ಇಷ್ಟು ಬೇಗ ಹೆಸರು ತಿಳಿದದ್ದರಿಂದಲೇ ಸಂಪರ್ಕದಲ್ಲಿದ್ದವರನ್ನು ಹುಡುಕಿ ಪ್ರತ್ಯೇಕಿಸುವ ಕೆಲಸ ಸಾಧ್ಯವಾಯಿತು.

ಇದನ್ನೇ ಕುರಿತ, ಆಷಿಕ್ ಅಬು ನಿರ್ದೇಶನದ ‘ವೈರಸ್’ 2019ರ ಜೂನ್ 7ರಂದು ತೆರೆಕಂಡಿತು. ಮಲಯಾಳಂನ ಹೆಸರಾಂತ ನಟರೆಲ್ಲ ಅದರಲ್ಲಿದ್ದಾರೆ, ನಾಯಕ ಎಂಬವನಿಲ್ಲ. ಕುಂಚಾಕೊ ಬೋಬನ್ ನಿರ್ವಹಿಸಿದ ವೈದ್ಯನ ಪಾತ್ರಕ್ಕೆ ಮಣಿಪಾಲದ ತಜ್ಞರೇ ಪ್ರೇರಣೆ. ರಾಜೀವ್ ರವಿಯವರ ಕ್ಯಾಮೆರಾ ಆಸ್ಪತ್ರೆಯ ಕಿರಿದಾದ ಓಣಿಗಳಲ್ಲಿ ಓಡುತ್ತದೆ. ಚಿತ್ರದ ಮೊದಲರ್ಧ ನಿಜವಾದ ಹಾರರ್. ದ್ವಿತೀಯಾರ್ಧ ಪತ್ತೇದಾರಿಕೆಯತ್ತ ವಾಲಿ ಸ್ವಲ್ಪ ಸಡಿಲವಾಗುತ್ತದೆ. ಅದರ ಅತ್ಯಂತ ಗಟ್ಟಿಯಾದ ಭಾಗ ಶವಸಂಸ್ಕಾರದ್ದು. ಸೋಂಕಿನ ಹೆದರಿಕೆಯಿಂದ ಸ್ಮಶಾನದ ಕೆಲಸಗಾರರು ಹಿಂಜರಿದಾಗ ಇಂದ್ರಜಿತ್ ನಟಿಸಿದ ಆರೋಗ್ಯಾಧಿಕಾರಿ ಆ ಹೊಣೆಯನ್ನು ತಾನೇ ಹೊರುತ್ತಾನೆ. ನಿಜ ಜೀವನದಲ್ಲಿ ಕೋಯಿಕ್ಕೋಡ್ ನಗರಪಾಲಿಕೆಯ ಆರೋಗ್ಯಾಧಿಕಾರಿ ಡಾ. ಆರ್.ಎಸ್. ಗೋಪಕುಮಾರ್ ನಿಫಾದಿಂದ ಸತ್ತ ಹಲವರ ಅಂತ್ಯಕ್ರಿಯೆಯನ್ನು ಮುಂದೆ ನಿಂತು ನಡೆಸಿದರು. ದೂರ್ವಾಸಪುರದ ಪ್ರಶ್ನೆ ಅರ್ಧ ಶತಮಾನದ ಬಳಿಕ ಮತ್ತೆ ಬಂದಿತ್ತು. ಈ ಸಲ ಒಬ್ಬ ವೈದ್ಯ ಗ್ರಂಥ ತೆರೆಯದೆ ಉತ್ತರ ಕೊಟ್ಟರು.

ಕೊರೊನಾ ಕಾಲ

ಭಾರತದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ಸಂಭವಿಸಿತು. ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ಬೀಗ ಬಿದ್ದಾಗ ಕಾಪುವಿನಲ್ಲಿ ಸುಗ್ಗಿಯ ತಿಂಗಳು. ಮೇ ತಿಂಗಳಲ್ಲಿ ಮುಂಬಯಿಯಿಂದ ಊರಿಗೆ ಮರಳಿದವರೊಡನೆ ಉಡುಪಿ ಜಿಲ್ಲೆಯಲ್ಲಿ ಸೋಂಕು ಏರಿತು. ಹಣ ಕಳಿಸುತ್ತಿದ್ದ ಮಗನೇ ಹೆದರಿಕೆಯ ಮೂಲವಾದ ಕಹಿ ಎಷ್ಟೋ ಮನೆಗಳು ಬಲ್ಲವು. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡ ಬಂಟ್ವಾಳದ ಮಹಿಳೆಯೊಬ್ಬರ ದೇಹ ಸುಡಲು ಸ್ಥಳೀಯರು ಅಡ್ಡಿಪಡಿಸಿದರು. ಕಡೆಗೆ ಬಿ.ಸಿ. ರೋಡಿನ ಕೈಕುಂಜೆಯಲ್ಲಿ ಸಂಸ್ಕಾರ ನಡೆಯಿತು. ಜೂನ್ ಕೊನೆಗೆ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆಯುವ ದೃಶ್ಯ ಹೊರಬಂದು ಜಿಲ್ಲಾಡಳಿತ ಕ್ಷಮೆ ಕೇಳಿತು.

ಕನ್ನಡ ಸಿನಿಮಾ ಈ ಕಾಲಕ್ಕೆ ಕೊಟ್ಟ ಒಳ್ಳೆಯ ಉತ್ತರಗಳಲ್ಲಿ 2024ರಲ್ಲಿ ಚಿತ್ರಮಂದಿರಕ್ಕೆ ಬಂದ ಉತ್ಸವ್ ಗೋನವಾರರ ‘ಫೋಟೋ’ ಒಂದು. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಬೆಂಗಳೂರಿಗೆ ಬಂದ ಉತ್ತರ ಕರ್ನಾಟಕದ ಹುಡುಗ, ಲಾಕ್‌ಡೌನಿನಲ್ಲಿ ಅಪ್ಪನೊಡನೆ ನಡೆದು ಊರ ದಾರಿ ಹಿಡಿಯುತ್ತಾನೆ. ವೈರಸ್ ಎಲ್ಲೂ ಕಾಣದ ಈ ಚಿತ್ರದಲ್ಲಿ ಬಿಸಿಲಿನ ರಸ್ತೆಯೇ ಭಯ ಹುಟ್ಟಿಸುತ್ತದೆ.

ಕರಾವಳಿಯ ಕಥೆಗಳು ಇನ್ನೂ ಹೇಳಿಸಿಕೊಳ್ಳಲು ಕಾದಿವೆ. ಅವುಗಳಲ್ಲಿ ಕೇರಳದ ಗಡಿಯ ತಲಪಾಡಿಯದು ಮುಖ್ಯ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ, ದೊಡ್ಡ ಆಸ್ಪತ್ರೆಗೆಂದು ಮೊದಲಿನಿಂದ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಕನ್ನಡ, ತುಳು, ಮಲಯಾಳಂ ಮನೆಗಳ ರೋಗಿಗಳು ಆಂಬುಲೆನ್ಸ್‌ನಲ್ಲೇ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಅವರಿಗಿದ್ದುದು ಕೊರೊನಾ ಅಲ್ಲ, ಹೃದಯದ, ಮೂತ್ರಪಿಂಡದಂಥ ಬೇರೆ ಕಾಯಿಲೆಗಳು. ಕೇರಳ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟು ಮಧ್ಯೆ ಬಂದ ಮೇಲೆ ತುರ್ತು ರೋಗಿಗಳಿಗೆ ದಾರಿ ತೆರೆಯಿತು. ಮಣ್ಣು ಸುರಿದು ಮುಚ್ಚಿದ ಒಂದು ರಸ್ತೆ, ಆಚೆ ಕಾಣುವ ಊರು, ಒಳಗೆ ಉಸಿರಿಗಾಗಿ ಏದುವ ಜೀವ: ಭೂತವಿಲ್ಲದ ಹಾರರ್ ಚಿತ್ರಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಆ ದಿನಗಳಲ್ಲಿ ಆಂಬುಲೆನ್ಸ್ ಓಡಿಸಿದವರು, ರೋಗಿಯ ಪಕ್ಕ ಕೂತಿದ್ದವರು ಇನ್ನೂ ಮಂಜೇಶ್ವರ, ಉಪ್ಪಳ, ಕುಂಬಳೆಗಳಲ್ಲಿದ್ದಾರೆ. ಸಿನಿಮಾ ಬರೆಯುವ ಕನ್ನಡದ ಹೊಸಬರು ಅವರ ಮಾತನ್ನು ಈಗಲೇ ಹೋಗಿ ಕೇಳಿ ದಾಖಲಿಸಬೇಕು.